ನೀಲವ್ವನ ಬಸ್ಸು

ದೇವಾಪುರ, ಸುರಪುರ ತಾಲೂಕು
೯ ಫೆಬ್ರುವರಿ ೨೦೨೫

ಪ್ರೀತಿಯ ಕಸ್ತೂರಕ್ಕಾ,

ಪ್ರೀತಿಯ ಎಂದು ಬರೆದದ್ದು ರೂಢಿಗೆ. ನಿನ್ನ ಆರೋಗ್ಯ ಚೆನ್ನಾಗಿಯೇ ಇರಬೇಕು. ಹೋದ ವಾರ ಸೋಲಾಪುರದಿಂದ ಫೋನಿನಲ್ಲಿ ಅಷ್ಟು ಕೂಗಬೇಕಾದರೆ ಮೈಯಲ್ಲಿ ಶಕ್ತಿ ಬೇಕು. ಅವ್ವ ಫೋನನ್ನು ಕಿವಿಯಿಂದ ಗೇಣುದೂರ ಹಿಡಿದಿದ್ದಳು. ಒಲೆಯ ಮುಂದೆ ಕುಳಿತ ನನಗೂ ಎಲ್ಲ ಕೇಳಿಸಿತು. "ನಾಕನೇತ್ತೆ ಕಲ್ತಾಕಿ ಕಾದಂಬರಿ ಬರೀತಾಳಂತ! ನನ್ನ ಮಾನ ಹರಾಜಿಗಿ ಇಟ್ಟಾಳ. ಒಲಿಗಿ ಹಾಕಂತ ಹೇಳು." ಒಲೆ ನನ್ನ ಮುಂದೆಯೇ ಉರಿಯುತ್ತಿತ್ತು. ಹಾಕಲಿಲ್ಲ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹ್ಞೂಂ ಅನ್ನುತ್ತೇನೆ, ಮೊದಲಿನಿಂದಲೂ ನಮ್ಮಿಬ್ಬರದು ಹಾಗೇ. ಕಾಗದದಲ್ಲಿ ನಿನಗೆ ನಡುವೆ ಬಾಯಿ ಹಾಕಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾಲ್ಕನೇತ್ತೆಯ ಮಾತು ಎತ್ತಿದವಳು ನೀನು. ಶಹಾಪುರದ ಆ ಕಟ್ಟಿಗೆ ಅಡ್ಡೆಯವನಿಗೆ, ಹೆಂಡತಿ ಸತ್ತ ಮುದುಕನಿಗೆ, ಅಪ್ಪ ನಿನ್ನನ್ನು ಗೊತ್ತುಮಾಡಿದ. ಲಗ್ನ ಹತ್ತಿರ ಬಂದಾಗ ನೀನು ಓಡಿಹೋದೆ. ಅದೇ ಸಂಜೆ ಅಪ್ಪ ನನ್ನ ಪಾಟಿಚೀಲವನ್ನು ಅಟ್ಟಕ್ಕೆ ಎಸೆದ. "ಒಬ್ಬಾಕಿ ಸಾಲಿ ಕಲ್ತು ಏನ್ ಮಾಡಿದ್ಲು ನೋಡೀವಿ, ಇಕಿದು ಸಾಕು" ಅಂದ. ನೀನು ಕಲಬುರ್ಗಿಯಲ್ಲಿ ಚಿಕ್ಕವ್ವನ ಮನೆಯಲ್ಲಿದ್ದು ನರ್ಸ್ ಕಲಿತೆ. ನಾನು ಇಲ್ಲಿ ನಿನ್ನ ಪಾಲಿನ ರೊಟ್ಟಿಯನ್ನೂ ಬಡಿದೆ, ಪಂಚಾಯಿತಿಯ ಗ್ರಂಥಾಲಯದಿಂದ ಪುಸ್ತಕ ತಂದು ಕದ್ದು ಓದಿದೆ. ನಿನ್ನ ಹಾಗೆ ಜಡೆ ಹೆಣೆಯುವ ಕೈ ಮತ್ತೆ ಸಿಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಷ್ಟಕ್ಕೇ ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡ.

ನನ್ನ ಕಾದಂಬರಿಯ ಹುಡುಗಿಯ ಹೆಸರು ನೀಲವ್ವ. ಹೌದು, ಅವಳು ನೀನೇ. ಅವಳ ಬಾಲ್ಯ, ಲಗ್ನದ ಮಾತುಕತೆ ಎಲ್ಲ ಸರಸರ ಬಂತು. ಯಾರಿಗೂ ಹೇಳದೆ ಚೀಲ ಹಿಡಿದು ಸುರಪುರದ ಬಸ್ ಸ್ಟ್ಯಾಂಡಿಗೆ ಬಂದಳು, ಒಬ್ಬಳೇ ನಿಂತಳು. ಅಲ್ಲಿಗೆ ಪೆನ್ನು ನಿಂತಿತು. ದೀಪಾವಳಿಯಿಂದ ಅವಳು ನಿಂತೇ ಇದ್ದಳು. ಮಳೆ ತರಿಸಿದೆ, ಬಿಸಿಲು ಕಾಯಿಸಿದೆ, ಸಿಟ್ಟು ಬಂದು ಒಮ್ಮೆ ನಾಯಿಯನ್ನೂ ಬಿಟ್ಟೆ. ಬಸ್ಸು ಹತ್ತಲಿಲ್ಲ, ಮನೆಗೂ ತಿರುಗಲಿಲ್ಲ. ಬರೆದದ್ದನ್ನೆಲ್ಲ ಹೊಡೆದುಹಾಕುತ್ತಿದ್ದೆ. ಕಾದಂಬರಿಯೊಳಗೂ ನಿನ್ನ ಹಟವೇ ಗೆದ್ದಿತೆಂದು ಹಲ್ಲು ಕಡಿಯುತ್ತಿದ್ದೆ. ನೀನು ಒಲೆಗೆ ಹಾಕು ಎಂದ ಮರುದಿನ ಎಲ್ಲಿಂದ ಧೈರ್ಯ ಬಂತೋ, ರವಿಕೆ ಹೊಲಿಯಲು ಕೊಟ್ಟು ಬರುತ್ತೇನೆಂದು ಸುಳ್ಳು ಹೇಳಿ, ಚೀಲದಲ್ಲಿ ಸೀರೆ ತುರುಕಿಕೊಂಡು ಸುರಪುರಕ್ಕೆ ಹೋದೆ. ಕಲಬುರ್ಗಿ ಬಸ್ಸು ನಿಲ್ಲುವ ಕಡೆ ನಿಂತೆ. ನೀಲವ್ವನಿಗೆ ಏನಾಗಿದೆ ಎಂದು ನೋಡಬೇಕಿತ್ತು.

ಅಕ್ಕಾ, ಅಲ್ಲಿ ಒಬ್ಬಳೇ ನಿಲ್ಲುವುದು ಆಗದ ಕೆಲಸ. ಚೀಲ ಕೆಳಗಿಡುವುದರೊಳಗೆ ನಮ್ಮೂರ ಚನ್ನಯ್ಯ ಕಾಕಾ ಬಂದ. "ಎಲ್ಲಿಗಿ ಹೊಂಟಿ? ನಿಮ್ಮಪ್ಪಗ ಗೊತ್ತೈತೇನು?" ನಾನು ಚೀಲದೊಳಗಿನ ಸೀರೆ ತೋರಿಸಿದೆ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಹತ್ತತೀಯೋ ಇಲ್ಲೋ ತಂಗಿ? ಬಸ್ಸಿಗಿ ಲಗ್ನಪತ್ರ ಕೊಟ್ಟು ಕರೀಬೇಕೇನು?" ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಆಮೇಲೆ, ಅವ್ವ ಯಾವಾಗಲೂ ಪೇರಲ ಕೊಳ್ಳುತ್ತಾಳಲ್ಲ, ಆ ಶರೀಫಾಬೀ ಬುಟ್ಟಿಯ ಹಿಂದಿನಿಂದ ಕರೆದಳು. "ಏನಬೇ, ಅಕ್ಕ ನಿಂತ ಜಾಗಾದಾಗೇ ತಂಗಿನೂ ನಿಂತೀಯಲ್ಲ? ಅಕಿ ಸಂಗಾಟ ನಿಮ್ಮವ್ವರೆ ಇದ್ಲು. ಚೀಲ ತಾನೇ ಹೊತ್ಕೊಂಡು ಬಂದು, ಸೀಟ ಹಿಡಿದು ಕುಂದ್ರಿಸಿ ಹೋದ್ಲು. ನೀ ಒಬ್ಬಾಕಿನೇ ಬಂದೀ?" ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. "ಹೆಣ್ಮಕ್ಕಳ ಮಾತು ನಿಮ್ಮಪ್ಪನ ಕಿವಿಗ್ಯಾಕ?" ಎಂದು ಒಂದು ಪೇರಲ ನನ್ನ ಕೈಗಿಟ್ಟಳು.

ಆ ಹಣ್ಣು ತಿನ್ನಲಾಗಲಿಲ್ಲ. ನೀನು ಹೋದ ಸಂಜೆ ಅವ್ವ ಅಂಗಳದಲ್ಲಿ ಹೊರಳಾಡಿ ಅತ್ತಳು, ನಾನು ಚರಿಗೆಯಲ್ಲಿ ನೀರು ಹಿಡಿದು ನಿಂತಿದ್ದೆ. ಅಪ್ಪನಿಗಾಗಿ ಕಟ್ಟಿದ ಆಟ ಅದು. ನನಗಾದರೂ ಹೇಳಬಹುದಿತ್ತಲ್ಲ? ಒಬ್ಬಳು ಹತ್ತಿಸಿದಳು, ಒಬ್ಬಳು ಹತ್ತಿದಳು, ಇಬ್ಬರೂ ಸೇರಿ ನನ್ನನ್ನು ರೊಟ್ಟಿ ಬಡಿಯಲು ಇಟ್ಟಿರಿ. ಮೇಲಾಗಿ ಇಂದು ಮಾನದ ಮಾತಾಡುತ್ತೀ! ಹೆದರಿಕೆ ನಿನಗೆ ಮಾನದ್ದಲ್ಲ, ಬರೆಯುತ್ತ ಬರೆಯುತ್ತ ನಾನು ಆ ಬಸ್ ಸ್ಟ್ಯಾಂಡಿನವರೆಗೆ ಬಂದುಬಿಡುತ್ತೇನೆ ಎಂಬುದರದು. ಬಂದೆ. ನೀಲವ್ವ ಯಾಕೆ ಕದಲಲಿಲ್ಲ ಎಂಬುದೂ ತಿಳಿಯಿತು. ಯಾರನ್ನೂ ಒಂಟಿ ಬಿಡದ ಜಾಗದಲ್ಲಿ ಅವಳನ್ನು ಒಂಟಿ ನಿಲ್ಲಿಸಿದ್ದೆ. ಮನೆಗೆ ಬಂದು, ಅವಳ ಪಕ್ಕದಲ್ಲಿ ತಾಯಿಯನ್ನು ನಿಲ್ಲಿಸಿ, ಚೀಲ ತಾಯಿಯ ತಲೆಯ ಮೇಲೆ ಇಟ್ಟೆ. ಬಸ್ಸು ಬಂತು. ನೀಲವ್ವ ಹತ್ತಿದಳು. ಈಗ ಶಹಾಪುರದಲ್ಲಿ ಆ ಕಟ್ಟಿಗೆ ಅಡ್ಡೆಯ ಮುಂದೆ ಹಾಯುತ್ತಿದ್ದಾಳೆ, ಸೆರಗು ಮುಖಕ್ಕೆ ಎಳೆದುಕೊಂಡು. ಒಲೆಗೆ ಹಾಕುವ ಮಾತು ಇನ್ನೊಮ್ಮೆ ಎತ್ತಬೇಡ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಕೂಸಿಗೆ ನನ್ನ ಮುತ್ತು, ಅದರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ನಿನ್ನ ತಂಗಿ,
ಅನ್ನಮ್ಮ

ತಾಜಾ ಕಲಂ: ಕಾಗದ ಮಡಚುವ ಮೊದಲು ಆ ಅಧ್ಯಾಯವನ್ನು ಅವ್ವನಿಗೆ ಓದಿ ತೋರಿಸಿದೆ. ತೊಗರಿ ಕೇರುತ್ತಿದ್ದಳು, ತಲೆ ಎತ್ತಲಿಲ್ಲ. ಮುಗಿದ ಮೇಲೆ ಮೊರ ಕೆಳಗಿಟ್ಟು ಹೇಳಿದಳು: "ನೀಲವ್ವಗ ಒಬ್ಬ ತಂಗಿ ಇದ್ಲಲ್ಲ, ಅಕಿನ್ನೂ ಕರ್ಕೊಂಡು ಹೋಗು ಅಂದಿದ್ಲು ಅವ್ವ. ನೀಲವ್ವ ಒಲ್ಲೆ ಅಂದ್ಲು. ಅದನ್ನೂ ಬರಿ." ಏನು ಹೇಳಿ ಒಲ್ಲೆ ಅಂದಳು ಎಂದು ಕೇಳಿದೆ. "ಅಕಿನ್ನೇ ಕೇಳು" ಎಂದು ಮತ್ತೆ ಮೊರ ಎತ್ತಿದಳು. ಕೇಳುತ್ತಿದ್ದೇನೆ. ಒಂದು ಸಾಲು ಬರೆದು ಕಳಿಸು. ನೀನು ಬರೆಯದಿದ್ದರೆ ಆ ಸಾಲನ್ನು ನಾನೇ ಬರೆಯುತ್ತೇನೆ, ನನ್ನ ಪೆನ್ನು ಈಗ ನಿಲ್ಲುತ್ತಿಲ್ಲ.