ಆಗಸ್ಟ್ ತಿಂಗಳ ಪರೀಕ್ಷೆ

ಲಫಯೆಟ್, ಲೂಸಿಯಾನಾ
ಸೋಮವಾರ, ಆಗಸ್ಟ್ 26

ಪ್ರೀತಿಯ ರೋಸ್ಕೋ,

ಬೇರೆಯಾದ ಮೇಲೂ ‘ಪ್ರೀತಿಯ’ ಎಂದು ಬರೆದದ್ದು ಅಭ್ಯಾಸಬಲದಿಂದ, ಹಿಗ್ಗಬೇಡ. ಫೋನ್ ಮಾಡಿದರೆ ನಕ್ಕು ಮಾತು ಹಾರಿಸುತ್ತೀಯ. ಅದಕ್ಕೇ ನಾಳೆ ಹ್ಯೂಸ್ಟನ್‌ಗೆ ಬರುವ ನಿನ್ನ ತಮ್ಮ ಕ್ಲೋವಿಸ್‌ನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಇವತ್ತು ಶಾಲೆಯ ಫುಟ್‌ಬಾಲ್ ತಂಡಕ್ಕೆ ನೆನಪಿನ ಪರೀಕ್ಷೆ ಇತ್ತು; ಮುಂದೆ ತಲೆಗೆ ಏಟು ಬಿದ್ದಾಗ ಮತ್ತೆ ಪರೀಕ್ಷಿಸಿ, ಅಂಕ ಇಳಿದಿದ್ದರೆ ಆಟದಿಂದ ಹೊರಗೆ ಕೂರಿಸುತ್ತಾರಲ್ಲ, ಅದೇ. ನಾನು ಒಲೆಯ ಮುಂದೆ ಕೆಂಪು ಬೀನ್ಸ್ ಕೈಯಾಡಿಸುತ್ತಿದ್ದೆ. ನಮ್ಮ ಮೈಕಾ ಜಂಬದಿಂದ ಒಳಗೆ ಬಂದು, “ಅಮ್ಮಾ, ಅರ್ಧಕ್ಕರ್ಧ ತಪ್ಪು ಮಾಡ್ಬಂದೆ, ಬೇಕಂತಾನೇ! ಇನ್ಮೇಲೆ ತಲೆಗೆ ಎಷ್ಟೇ ಏಟು ಬಿದ್ರೂ ನನ್ನನ್ನ ಹೊರಗೆ ಕೂರ್ಸಕ್ಕಾಗಲ್ಲ. ಅಪ್ಪನ ಉಪಾಯ!” ಅಂದ. ನಾನು ಒಲೆ ಆರಿಸಿದೆ.

ಆ ಉಪಾಯ ನನಗೆ ಗೊತ್ತಿಲ್ಲವೇ? ಒಂಬತ್ತು ವರ್ಷ ನೀನು ದೊಡ್ಡ ತಂಡಗಳಲ್ಲಿ, ಎಸೆದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ರಿಸೀವರ್ ಆಗಿದ್ದೆ. ಹಾರಿ ಬರುವ ಚೆಂಡಿನ ಮೇಲೆ ಕಣ್ಣಿಟ್ಟು ಓಡುವವನಿಗೆ ಗುದ್ದಲು ಬರುವವನು ಕಾಣುವುದಿಲ್ಲ. ಗುದ್ದು ತಿಂದು ಬಿದ್ದರೂ ಚೆಂಡು ಬಿಡದ ನಿನ್ನನ್ನು ಕಂಡು ಕ್ರೀಡಾಂಗಣವೇ ಎದ್ದು ಕೂಗುತ್ತಿತ್ತು, ನಾನೂ ಕೂಗಿದ್ದೇನೆ. ಪ್ರತಿ ಆಗಸ್ಟಿನಲ್ಲಿ ನೀವೆಲ್ಲ ಆ ಪರೀಕ್ಷೆಯಲ್ಲಿ ಬೇಕೆಂದೇ ತಪ್ಪು ಉತ್ತರ ಕೊಟ್ಟು, “ಮೊದ್ಲೇ ದಡ್ಡ ಅಂತ ಬರೆಸ್ಕೊಂಡ್ರೆ, ಆಮೇಲೆ ದಡ್ಡ ಆದ್ರೂ ಯಾರಿಗೂ ಗೊತ್ತಾಗಲ್ಲ ಕಣ್ರೋ” ಎಂದು ನಗುತ್ತಿದ್ದಿರಿ.

ಯಾರಿಗೂ ಗೊತ್ತಾಗಲಿಲ್ಲ, ನಿಜ. ಹೋದ ಏಪ್ರಿಲ್‌ನಲ್ಲಿ ನೀನು ನಿನ್ನ ಅಮ್ಮನ ಮನೆಯ ದಾರಿಯನ್ನೇ ಮರೆತು ಪೆಟ್ರೋಲ್ ಬಂಕಿನಲ್ಲಿ ಅಳುತ್ತಾ ಕೂತಿದ್ದೆ. ಡಾಕ್ಟರು ಹಳೆಯ ಅಂಕಗಳನ್ನು ನೋಡಿ, “ಇವರ ನೆನಪು ಮುಂಚಿನಿಂದ್ಲೂ ಹೀಗೇ ಇದೆಯಲ್ಲಮ್ಮ” ಎಂದರು. ಆ ಹೊತ್ತು ನಿನ್ನ ಮುಖ ನೋಡಲು ನನ್ನಿಂದಾಗಲಿಲ್ಲ. ಅಷ್ಟಾದ ಮೇಲೂ ಮಗನಿಗೆ ಅದನ್ನೇ ಕಲಿಸಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಶುಕ್ರವಾರ ಮೊದಲ ಪಂದ್ಯ. ಅಷ್ಟರೊಳಗೆ ನೀನೇ ಬಂದು ಕೋಚ್ ಹೆಬರ್‌ಗೆ ನಿಜ ಹೇಳು, ಪರೀಕ್ಷೆ ಮತ್ತೆ ಮಾಡಿಸು. ನಾನು ಹೇಳಿದರೆ ಮೈಕಾ ಜನ್ಮದಲ್ಲಿ ನನ್ನೊಡನೆ ಮಾತಾಡಲಾರ. ನಿನ್ನ ಮಾತಾದರೆ ಕೇಳುತ್ತಾನೆ. ಊರವರ ಮುಂದೆ ನಿನ್ನ ಮರ್ಯಾದೆ ಹೋಗುತ್ತದೆ, ಗೊತ್ತು. ಹೋಗಲಿ. ನಿನಗೇನಾದರೂ ಆದರೆ ಬೇರೆಯಾಗಿದ್ದರೂ ನೋಡಿಕೊಂಡೇನು. ಇಬ್ಬರನ್ನು ಹಾಗೆ ನೋಡುವ ಶಕ್ತಿ ನನಗಿಲ್ಲ ರೋಸ್ಕೋ.

ನಿನ್ನ ಮೇಲೆ ಕೆಂಡ ಕಾರುತ್ತಿರುವ,
ವೆರ್ನೆಟ್

ಮತ್ತೆ: ಲಕೋಟೆ ಅಂಟಿಸುವಾಗ ಮೈಕಾ ಬಂದು ಪಕ್ಕದಲ್ಲಿ ಕೂತ. “ಅಪ್ಪನ್ನ ಬೈಬೇಡಮ್ಮ. ಅವರು ಏನೂ ಹೇಳ್ಕೊಟ್ಟಿಲ್ಲ, ನಾನೇ ಸುಳ್ಳು ಹೇಳ್ದೆ. ಸರಿ ಉತ್ತರಾನೇ ಕೊಡೋಣ ಅಂತ ಕೂತಿದ್ದೆ, ನೆನಪಾಗ್ಲೇ ಇಲ್ಲ” ಅಂದ. ಜುಲೈನ ಅಭ್ಯಾಸದಲ್ಲಿ ಬಿದ್ದ ಏಟನ್ನು ಯಾರಿಗೂ ಹೇಳಿಲ್ಲವಂತೆ. ಬೆಳಗ್ಗೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಇದನ್ನು ಬಾಯಿಬಿಟ್ಟು ಹೇಳಲು ನನಗಾಗದು, ಫೋನ್ ಮಾಡಬೇಡ. ಕ್ಲೋವಿಸ್‌ನ ಕಾರಿನಲ್ಲೇ ಹೊರಟು ಬಾ.