ಮೇಲಿನ ಮನೆಯ ವಾಸನೆ

ರೋಹಿಣಿ, ಸೆಕ್ಟರ್ ೧೩
ದೆಹಲಿ
೫ ಅಕ್ಟೋಬರ್ ೨೦೦೭, ಶುಕ್ರವಾರ

ಪ್ರೀತಿಯ ಶಾರದಕ್ಕನಿಗೆ ನಿನ್ನ ತಂಗಿ ಮಾಡುವ ನಮಸ್ಕಾರಗಳು.

ಮೊನ್ನೆ ಫೋನಿನಲ್ಲಿ ‘ಏನೇ ಇದು, ಟೆಲಿಗ್ರಾಂ ಕೊಡೋರ ಹಾಗೆ ಮಾತಾಡ್ತೀಯ’ ಅಂತ ಬೈದೆಯಲ್ಲ, ಬೈದದ್ದು ಸರಿಯೇ. ನಮ್ಮ ಫೋನು ಇರುವುದು ಹಾಲ್‌ನಲ್ಲಿ. ಇವರು ಅಲ್ಲೇ ಪೇಪರ್ ಹಿಡಿದು ಕೂತಿದ್ದರು. ಪುಟ ತಿರುವುವ ಸದ್ದು ನಿಂತಿತು ಎಂದರೆ ಕಿವಿ ನನ್ನ ಕಡೆಗಿದೆ ಎಂದೇ ಅರ್ಥ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯದೆ? ಈಗ ಇವರು ಆಫೀಸಿಗೆ ಹೋಗಿದ್ದಾರೆ, ಕುಕ್ಕರ್ ಇಳಿಸಿ ಬರೆಯಲು ಕೂತಿದ್ದೇನೆ. ವಿಷಯ ಇಷ್ಟು: ನನ್ನ ಅಡುಗೆಯ ವಾಸನೆಗೆ ಬೇರೊಬ್ಬ ಹುಡುಗಿ ಮನೆ ಬಿಡಬೇಕಾಯಿತು.

ನಮ್ಮ ಮೇಲಿನ ಫ್ಲ್ಯಾಟಿಗೆ ಏಪ್ರಿಲ್‌ನಲ್ಲಿ ಮಣಿಪುರದ ಅಕ್ಕ-ತಂಗಿ ಬಾಡಿಗೆಗೆ ಬಂದರು. ದೊಡ್ಡವಳು ಮೆಮ್ಚಾ, ಇಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಚಿಕ್ಕವಳು ಹನ್ನೆರಡನೇ ಕ್ಲಾಸು, ಬರುವ ಮಾರ್ಚ್‌ಗೆ ಬೋರ್ಡ್ ಪರೀಕ್ಷೆ. ಮೂರು ಸೆಕ್ಟರ್ ಅಲೆದು, ಮುಖ ನೋಡಿದ ಕೂಡಲೇ ‘ಖಾಲಿ ಇಲ್ಲ’ ಅನ್ನಿಸಿಕೊಂಡು ಅನ್ನಿಸಿಕೊಂಡು ಕೊನೆಗೆ ಸಿಕ್ಕಿದ ಮನೆಯಂತೆ. ಕೆಳಗಿನ ಮನೆಯ ಮಿಸೆಸ್ ಖುರಾನಾ ಬಂದು, ಈ ಹುಡುಗಿಯರು ನಾಯಿ ತಿನ್ನುತ್ತಾರೆ, ನಿಮ್ಮ ತಲೆಯ ಮೇಲೇ ಬೇಯಿಸುತ್ತಾರೆ ಅಂದಳು. ನಾನೂ ‘ಹೌದಾ?’ ಅಂತ ಬಾಯಿ ಬಿಟ್ಟುಕೊಂಡು ಕೇಳಿದೆ. ಒಂದು ವಾರ ಆ ಮೆಟ್ಟಿಲಲ್ಲಿ ಮೂಗು ಹಿಡಿದೇ ಓಡಾಡಿದೆ. ಆಮೇಲೊಂದು ದಿನ ಬಟ್ಟೆ ಒಣಹಾಕುತ್ತ ಕತ್ತೆತ್ತಿದರೆ, ಅವರ ಬಾಲ್ಕನಿಯಲ್ಲಿ ತುಳಸಿ ಗಿಡ! ಆ ಹುಡುಗಿ ತಲೆಗೆ ಸ್ನಾನ ಮಾಡಿ, ಮೂಗಿನ ಮೇಲಿಂದ ಹಣೆಯವರೆಗೆ ಗಂಧದ ನಾಮ ಎಳೆದುಕೊಂಡು ನೀರು ಹಾಕುತ್ತಿದ್ದಾಳೆ. ವೈಷ್ಣವರಂತೆ. ಮೀನು ಮಾತ್ರ ಬಿಡುವುದಿಲ್ಲವಂತೆ. ನಾನು ಅವತ್ತು ಡಿಕಾಕ್ಷನ್ ಬೆರೆಸದೆಯೇ ಬರೀ ಹಾಲು ಕುಡಿದೆ, ಅಷ್ಟು ತಬ್ಬಿಬ್ಬಾಗಿತ್ತು.

ಆಗಸ್ಟ್ ಕೊನೆಯಲ್ಲಿ ಒಂದು ಸಂಜೆ ಮೆಮ್ಚಾ ಮೆಟ್ಟಿಲು ಹತ್ತಿ ಬರುವಾಗ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರ ಬಾಯಿಯಿಂದ ಕಂದು ಸಿಪ್ಪೆ ಹೊದ್ದ ಚೂಪು ತುದಿ ಹೊರಗಿಣುಕಿತ್ತು. ಅಕ್ಕ, ಕಳಲೆ! ನಾನು ಕಳಲೆ ಕಣ್ಣಲ್ಲಿ ನೋಡಿ ಇಪ್ಪತ್ತು ವರ್ಷವಾಗಿತ್ತು. ಈ ಊರಿನಲ್ಲಿ ಬಿದಿರು ಅಂದರೆ ಏಣಿ ಮಾತ್ರ, ಅದರ ಮೊಳಕೆ ತಿನ್ನುವುದು ಯಾರಿಗೂ ಗೊತ್ತಿಲ್ಲ. ನಾನು ಚೀಲವನ್ನೇ ನೋಡುತ್ತಿರುವುದನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು. ಚೀಲವನ್ನು ಬೆನ್ನ ಹಿಂದೆ ಮಾಡಿ, ‘ಆಂಟಿ, ಖಿಡ್ಕಿ ಬಂದ್ ಕರ್‌ಕೇ ಪಕಾಯೇಂಗೇ, ಸ್ಮೆಲ್ ನಹೀಂ ಆಯೇಗಾ’ ಅಂದಳು, ಕಿಟಕಿ ಮುಚ್ಚಿಕೊಂಡೇ ಬೇಯಿಸುತ್ತಾರಂತೆ. ನಾನು ಕೇಳಿದ್ದು ಇಷ್ಟೇ: ನನಗೂ ಸ್ವಲ್ಪ ಕೊಡ್ತೀಯಾ ಅಂತ. ಅವಳಿಗೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮೆಟ್ಟಿಲ ಮೇಲೇ ಕೂತು ನಕ್ಕಳು. ಜೊತೆಯ ನರ್ಸ್ ಒಬ್ಬಳ ತಾಯಿ ಗುವಾಹಟಿಯಿಂದ ರೈಲಿನಲ್ಲಿ ಒಂದು ಮೂಟೆ ತಂದಿದ್ದಳಂತೆ. ನನಗೆ ಅರ್ಧ ಕೊಟ್ಟಳು.

ಮುಂದಿನದ್ದು ನಿನಗೆ ಗೊತ್ತೇ ಇದೆ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿ ಹಾಕಬೇಕು, ದಿನಾ ನೀರು ಬದಲಿಸಬೇಕು. ಆ ನೀರು ನಾರುವುದೂ ನಿನಗೆ ಗೊತ್ತು. ಅಮ್ಮ ಅದನ್ನು ಬಾಳೆಯ ಬುಡಕ್ಕೆ ಸುರಿಯುತ್ತಿದ್ದಳು. ನನಗೆ ಇಲ್ಲಿ ಬಾಳೆ ಎಲ್ಲಿಂದ ಬರಬೇಕು? ಹಿಂದಿನ ಬಾಲ್ಕನಿಯಲ್ಲಿ ಬಕೆಟ್ ಇಟ್ಟು, ಬೆಳಿಗ್ಗೆ ಬೆಳಿಗ್ಗೆ ಅಲ್ಲಿನ ಮೋರಿಗೆ ಸುರಿದೆ. ಆ ಮೋರಿಯ ಪೈಪು ಬಾಯಿ ಬಿಡುವುದು ಖುರಾನಾ ಮನೆಯ ಅಡುಗೆಮನೆ ಕಿಟಕಿಯ ಪಕ್ಕದಲ್ಲಿ. ಮೂರನೇ ದಿನ ಅವರ ಮನೆಯಲ್ಲಿ ಕಿಟ್ಟಿ ಪಾರ್ಟಿ.

ನಾನು ಹುಳಿಗೆ ಕಾಯಿ ರುಬ್ಬುತ್ತಿದ್ದಾಗ ಬೆಲ್ ಆಯಿತು. ಮಿಸೆಸ್ ಖುರಾನಾ ನಮ್ಮ ಬಾಗಿಲಲ್ಲಿ ನಿಂತು, ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, ಬೆರಳನ್ನು ಮೇಲಕ್ಕೆ ತೋರಿಸಿದಳು. ಆ ಚಿಂಕಿಗಳು ಏನನ್ನೋ ಕೊಳೆಸಿ ಬೇಯಿಸುತ್ತಿದ್ದಾರೆ, ಸೊಸೈಟಿಯ ಸೆಕ್ರೆಟರಿ ಸಾಹೇಬರು ಏನಾದರೂ ಮಾಡಲೇಬೇಕು ಅಂತ. ಸೆಕ್ರೆಟರಿ ಸಾಹೇಬರು ಅಂದರೆ ಇವರು. ಕಳಲೆ ಇದ್ದದ್ದು ಅವಳಿಂದ ಆರು ಹೆಜ್ಜೆ ಆಚೆ, ನನ್ನ ಒಲೆಯ ಮೇಲೆ. ಆದರೆ ನಾವು ‘ಪ್ಯೂರ್ ವೆಜ್ ಮದ್ರಾಸಿ ಪಂಡಿತರು’, ನಮ್ಮ ಮನೆಯಲ್ಲಿ ಇಡ್ಲಿ ಸಾಂಬಾರಿನದಲ್ಲದೆ ಬೇರೆ ವಾಸನೆ ಇರಲು ಸಾಧ್ಯವೇ ಇಲ್ಲ. ನಾನು ಹೇಳಲಿಲ್ಲ. ‘ಇವರು ಬಂದಮೇಲೆ ಹೇಳ್ತೀನಿ’ ಅಂತ ಕಳಿಸಿದೆ.

ಅವತ್ತು ರಾತ್ರಿ ಊಟಕ್ಕೆ ಇವರು ಹುಳಿಯನ್ನು ಎರಡು ಸಲ ಹಾಕಿಸಿಕೊಂಡರು. ಎಲ್ಲಿ ಸಿಕ್ಕಿತು ಅಂತ ಕೇಳಿದರು, ಹೇಳಿದೆ. ಬೆರಳು ನೆಕ್ಕಿಕೊಂಡು ಎದ್ದು, ಕೈ ತೊಳೆದು, ನೋಟಿಸ್ ಬರೆಯಲು ಕೂತರು. ಮೂವತ್ತು ವರ್ಷ ಸರ್ಕಾರಕ್ಕೆ ಡ್ರಾಫ್ಟ್ ಬರೆದ ಕೈ, ಇಂಗ್ಲಿಷು ಮುತ್ತು ಪೋಣಿಸಿದ ಹಾಗೆ ಬಂತು. ಈಶಾನ್ಯ ರಾಜ್ಯಗಳಿಂದ ಬಂದ ಬಾಡಿಗೆದಾರರಿಗೆ ಸೂಚನೆಗಳು: ತೀವ್ರ ವಾಸನೆಯ ಆಹಾರ ಬೇಯಿಸಬಾರದು, ಮೈ ಕಾಣುವ ಬಟ್ಟೆ ತೊಡಬಾರದು, ಹೊತ್ತಲ್ಲದ ಹೊತ್ತಿಗೆ ಬರಬಾರದು. ಆಸ್ಪತ್ರೆಯ ಡ್ಯೂಟಿಗೆ ಹೊತ್ತು ಗೊತ್ತು ಎಲ್ಲಿರುತ್ತದೆ? ನನಗೆ ಓದಿ ಹೇಳಿದರು. ನಮ್ಮ ಬಕೆಟ್ಟಿನ ವಾಸನೆ ಅದು ಅಂದೆ. ಒಂದು ದಿನದ ಮಾತಲ್ಲ ಇದು, ಇವೆಲ್ಲ ಜನರಲ್ ಸೂಚನೆ ಅಂದರು. ಕರೋಲ್ ಬಾಗಿನ ಮನೆ ಮರೆತಿರಾ ಅಂತ ಕೇಳಿದೆ. ನಿನಗೆ ನೆನಪಿರಬೇಕಲ್ಲ, ಮದುವೆಯಾದ ವರ್ಷ ಅತ್ತು ಅತ್ತು ಬರೆದಿದ್ದೆ, ಕೊಬ್ಬರಿ ಎಣ್ಣೆಯ ವಾಸನೆಗೆ ಮನೆಯೊಡತಿಗೆ ವಾಂತಿ ಬರುತ್ತದಂತೆ, ಒಗ್ಗರಣೆ ಹಾಕಬೇಕಾದರೆ ತಾರಸಿಗೆ ಹೋಗಬೇಕಂತೆ ಅಂತ. ‘ನಾವು ಹೊಂದಿಕೊಂಡೆವು, ಮನು. ಹೊಂದಿಕೊಳ್ಳೋದು ಕಲೀಬೇಕು’ ಅಂದರು. ನಾನು ಮತ್ತೆ ವಾದಿಸಲಿಲ್ಲ. ಅಷ್ಟೇ ಅಲ್ಲ, ‘ಎಚ್ಚರಿಕೆ ಅಂತ ಹಾಕಬೇಡಿ, ವಿನಂತಿ ಅಂತ ಹಾಕಿ’ ಅಂತ ತಿದ್ದಿಯೂ ಕೊಟ್ಟೆ. ತಿದ್ದುಪಡಿ ಇವರಿಗೆ ಹಿಡಿಸಿತು.

ಮಾರನೆಯ ದಿನ ಹುಳಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮೆಮ್ಚಾಳಿಗೆ ಕೊಟ್ಟುಬಂದೆ. ಕಳಲೆ ಕೊಟ್ಟವರಿಗೆ ರುಚಿ ತೋರಿಸದೆ ತಿನ್ನುವುದು ಹೇಗೆ? ಅವಳ ತಂಗಿಗೆ ಕಾಯಿ ಹಾಕಿದ ಸಾರು ಬಹಳ ಇಷ್ಟವಾಯಿತಂತೆ, ಎರಡು ವಾರ ಬಿಟ್ಟು ಉಳಿದ ಕಳಲೆಯಲ್ಲಿ ಮತ್ತೆ ಮಾಡಿದಾಗಲೂ ಅದೇ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಕಳಲೆ ಉಳಿದಿದ್ದಷ್ಟೂ ದಿನ ಮೋರಿಗೆ ನೀರು ಹೋಗುತ್ತಲೇ ಇತ್ತು. ತಪ್ಪು ಅಂತ ಗೊತ್ತಿತ್ತು. ಬೇರೆಲ್ಲಿ ಸುರಿಯಬೇಕು ಅಂತ ಗೊತ್ತಿರಲಿಲ್ಲ.

ಖುರಾನಾ ಮತ್ತೆ ಗಲಾಟೆ ಎಬ್ಬಿಸಿದಳು. ಸೆಪ್ಟೆಂಬರ್ ಹದಿನಾರರ ಭಾನುವಾರ ಕಮಿಟಿಯ ನಾಲ್ಕು ಜನ ಮೆಮ್ಚಾಳ ಅಡುಗೆಮನೆ ನೋಡಲು ಹೋದರು. ಇವರೂ ಹೋದರು. ಅಲ್ಲಿ ಏನಾಯಿತು ಎಂದು ನನಗೆ ಹೇಳಿದ್ದು ಇವರಲ್ಲ, ಮಿಸೆಸ್ ಖುರಾನಾ, ಅದೂ ಹೊಟ್ಟೆ ಹಿಡಿದು ನಗುತ್ತ. ಅವಳ ಗಂಡ ಒಂದೊಂದೇ ಪಾತ್ರೆ ಮುಚ್ಚಳ ತೆಗೆದು ಮೂಸಿದನಂತೆ. ಕೊನೆಗೆ ಒಂದು ಸ್ಟೀಲ್ ಡಬ್ಬಿ ಸಿಕ್ಕಿತಂತೆ. ಮುಚ್ಚಳ ತೆಗೆದರೆ ಅದೇ ನಾತ, ಜೊತೆಗೆ ಏನೋ ಕಪ್ಪು ಕಪ್ಪು ಕಾಳು. ಡಬ್ಬಿಯ ಮೇಲೆ ಜಿಲೇಬಿ ಸುತ್ತಿದ ಹಾಗೆ ಏನೋ ಕೆತ್ತಿತ್ತಂತೆ. ‘ಚೀನೀ ಮೇಂ ಕುಛ್ ಲಿಖಾ ಥಾ ಭಾಭೀಜೀ, ಚೀನೀ ಮೇಂ!’

ಅಕ್ಕ, ಅದು ಚೀನೀ ಅಲ್ಲ. ಅದು ‘ಸೌ. ಮನೋರಮಾ’. ನನ್ನ ಮದುವೆಗೆ ನೀನೇ ಪಾತ್ರೆ ಅಂಗಡಿಯಲ್ಲಿ ನಿಂತು ಕೆತ್ತಿಸಿದ ಅಕ್ಷರ. ಆ ಕಪ್ಪು ಕಾಳು ನಾನು ನೆನೆಹಾಕಿದ ಕಡಲೆ. ನಾಲ್ವರಲ್ಲಿ ಆ ಅಕ್ಷರ ಓದಲು ಬರುತ್ತಿದ್ದದ್ದು ಇವರೊಬ್ಬರಿಗೇ. ಇವರು ಓದಿದ್ದಾರೆ. ಮೆಮ್ಚಾ ಇವರ ಮುಖವನ್ನೇ ನೋಡುತ್ತ ನಿಂತಿದ್ದಳಂತೆ, ಬಾಯಿ ಬಿಡಲಿಲ್ಲವಂತೆ. ಕಳ್ಳಿ ಸಿಕ್ಕಿಬಿದ್ದ ಮೇಲೆ ಏನು ಹೇಳುತ್ತಾಳೆ ಅಂತ ಖುರಾನಾಳ ತೀರ್ಮಾನ. ಇವರು ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತು, ಸಾರಿಗೆ ಉಪ್ಪು ಕಮ್ಮಿ ಅಂದರು. ಡಬ್ಬಿಯ ಮಾತು ಎತ್ತಲೇ ಇಲ್ಲ. ನನಗೆ ಇವರ ಮೇಲೆ ಅಷ್ಟು ಅಸಹ್ಯ ಈ ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಆಗಿರಲಿಲ್ಲ. ನನ್ನ ಹೆಸರು ಉಳಿಸಲು ಸುಮ್ಮನಿದ್ದರು ಎಂದೂ ಗೊತ್ತು. ಅದರಿಂದ ಅಸಹ್ಯ ಕಮ್ಮಿಯಾಗಲಿಲ್ಲ. ಉಪ್ಪಿನ ಡಬ್ಬ ತಂದು ಮುಂದೆ ಇಟ್ಟೆ.

ಕಮಿಟಿ ಅಂದೇ ಮನೆಯ ಮಾಲೀಕನಿಗೆ ಪತ್ರ ಬರೆಯಿತು, ತಿಂಗಳ ಕೊನೆಯೊಳಗೆ ಖಾಲಿ ಮಾಡಿಸಿ ಅಂತ. ಮೂವತ್ತನೇ ತಾರೀಖು ಜನರಲ್ ಬಾಡಿ ಮೀಟಿಂಗ್‌ನಲ್ಲಿ ಅದಕ್ಕೆ ಒಪ್ಪಿಗೆ. ಮಧ್ಯದಲ್ಲಿ ಒಂದು ಮಧ್ಯಾಹ್ನ ಮೆಮ್ಚಾ ಬಂದಳು. ಒಳಗೆ ಬಾ ಅಂದರೂ ಬರಲಿಲ್ಲ. ನನ್ನನ್ನು ಬೈಯಲಿಲ್ಲ, ಡಬ್ಬಿಯ ಮಾತೂ ಆಡಲಿಲ್ಲ. ‘ಆಂಟಿ, ಸಿರ್ಫ್ ಮಾರ್ಚ್ ತಕ್. ಬೆಹನ್ ಕಾ ಬೋರ್ಡ್ ಹೋ ಜಾಯೇ, ಫಿರ್ ಚಲೇ ಜಾಯೇಂಗೇ. ಆಪ್ ಬೋಲೇಂಗೇ ತೋ ಸಬ್ ಸುನೇಂಗೇ’ ಅಂದಳು. ತಂಗಿಯ ಪರೀಕ್ಷೆ ಮುಗಿಯುವ ಮಾರ್ಚ್‌ವರೆಗೆ ಮಾತ್ರ ಇರಲು ಬಿಡಿ, ನೀವು ಹೇಳಿದರೆ ಎಲ್ಲರೂ ಕೇಳುತ್ತಾರೆ ಅಂತ. ಹೇಳ್ತೀನಿ ಅಂತ ಮಾತು ಕೊಟ್ಟೆ. ಕೈ ಹಿಡಿದು ಕೊಟ್ಟೆ.

ಹೇಳಿದೆ ಕೂಡ. ಮೂವತ್ತನೇ ತಾರೀಖು, ಕೆಳಗೆ ಶಾಮಿಯಾನಾ ಹಾಕಿ, ನಲವತ್ತು ಜನ ಕುರ್ಚಿಯಲ್ಲಿ ಸಮೋಸಾ ತಿನ್ನುತ್ತಿದ್ದಾಗ ಎದ್ದು ನಿಂತೆ. ನನ್ನ ಹರಕು ಹಿಂದಿಯಲ್ಲಿ, ಬಕೆಟ್ ನನ್ನದು, ನೀರು ನನ್ನದು, ಡಬ್ಬಿ ನನ್ನದು, ಅದರ ಮೇಲಿರುವುದು ನನ್ನ ಹೆಸರು, ಆ ಹುಡುಗಿಯರ ತಪ್ಪು ಏನೂ ಇಲ್ಲ ಅಂದೆ. ಇವರ ಪೆನ್ನು ನಿಂತಿತು. ಈಗ ನಮ್ಮನ್ನೂ ಮೂಸುತ್ತಾರೆ, ಹೆಸರಿಡುತ್ತಾರೆ, ಇವರು ಸೆಕ್ರೆಟರಿ ಪದವಿ ಬಿಡಬೇಕಾಗುತ್ತದೆ ಅಂತ ನಾನು ಎಲ್ಲದಕ್ಕೂ ತಯಾರಾಗಿದ್ದೆ.

ಏನೂ ಆಗಲಿಲ್ಲ ಅಕ್ಕ. ಎಲ್ಲರೂ ನಕ್ಕುಬಿಟ್ಟರು. ‘ಅರೇ ಭಾಭೀಜೀ, ಆಪ್ ಕಾ ಥಾ? ಪೆಹಲೇ ಬತಾತೀಂ!’ ನಿಮ್ಮದು ಅಂತ ಮೊದಲೇ ಹೇಳಬಾರದಿತ್ತೇ ಅಂತ. ಸೌತ್ ಇಂಡಿಯನ್ ಡಿಶ್ ಅಂದಮೇಲೆ ಹೆಲ್ದೀ ಇರಲೇಬೇಕಂತೆ. ಬಿದಿರು ಶುಗರ್‌ಗೆ ಒಳ್ಳೆಯದು ಅಂತ ಯಾರೋ ಹೇಳಿದರು. ಮಿಸೆಸ್ ಖುರಾನಾ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಮಾಡುವ ವಿಧಾನ ಕೇಳಿದಳು. ನಾರಿದ ನೀರು ಅದೇ, ಆದರೆ ನನ್ನದು ಅಂದ ಕೂಡಲೇ ಅಡುಗೆಯಾಯಿತು. ನೋಟಿಸ್ ತೆಗೆಯುವುದಿಲ್ಲವೇ ಅಂತ ಕೇಳಿದೆ. ಅದು ಇರಲಿ ಭಾಭೀಜೀ, ಇವತ್ತು ನಿಮ್ಮದು, ನಾಳೆ ಅಂಥವರದು ಇರಬಹುದಲ್ಲ ಅಂದರು. ನಿರ್ಣಯ ಪಾಸಾಯಿತು. ಇವರು ಬರೆದ ನಡಾವಳಿ ಆಮೇಲೆ ಓದಿದೆ: ‘ಶ್ರೀಮತಿ ಮನೋರಮಾ ಅವರು ದಕ್ಷಿಣ ಭಾರತದ ಒಂದು ಖಾದ್ಯದ ಕುರಿತು ವಿವರಣೆ ನೀಡಿದರು. ಗಮನಿಸಲಾಯಿತು.’

ಮೆಮ್ಚಾ ಮತ್ತು ಅವಳ ತಂಗಿ ಈಗ ಮುನಿರ್ಕಾದಲ್ಲಿ ಯಾವುದೋ ಪರಿಚಯದವರ ಒಂದೇ ಕೋಣೆಯಲ್ಲಿ ಐದು ಜನರ ಜೊತೆ ಇದ್ದಾರಂತೆ, ವಾಚ್‌ಮನ್ ಹೇಳಿದ. ಅಲ್ಲಿಂದ ಆ ಮಗುವಿನ ಸ್ಕೂಲಿಗೆ ಎರಡು ಬಸ್ಸು, ಒಂದು ಮೆಟ್ರೊ. ಪರೀಕ್ಷೆಗೆ ಕೂರುತ್ತಾಳೋ ಇಲ್ಲವೋ ತಿಳಿಯದು. ಇವರೂ ನಾನೂ ಮಾತಾಡುತ್ತೇವೆ, ಗ್ಯಾಸ್ ಬುಕ್ ಮಾಡಿದೆಯಾ, ಹಾಲು ಬಂತಾ, ಇಷ್ಟೇ.

ಇದನ್ನು ಓದಿ ನೀನು ‘ಅಂತೂ ಬಾಯಿ ಬಿಟ್ಟೆಯಲ್ಲ, ಅದು ದೊಡ್ಡದು’ ಅಂತ ಸಮಾಧಾನ ಮಾಡಲು ಹೊರಡುತ್ತೀಯ, ನನಗೆ ಗೊತ್ತು. ಸದ್ಯ ಫೋನ್ ಮಾಡಬೇಡ. ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ.

ನಿನ್ನ,
ಮನೋರಮಾ

ಮತ್ತೆ: ಪತ್ರ ಅಂಟಿಸಿ ಮತ್ತೆ ಬಿಚ್ಚಿದೆ. ನಿನಗೂ ಸುಳ್ಳು ಬರೆದರೆ ಇನ್ನು ಯಾರಿಗೆ ನಿಜ ಹೇಳಲಿ? ಮಾಲೀಕ ತಿಂಗಳ ಕೊನೆಯವರೆಗೂ ಕಾಯಲಿಲ್ಲ. ಇಪ್ಪತ್ತೇಳನೇ ತಾರೀಖು ಗುರುವಾರವೇ ಟೆಂಪೋ ಬಂದು ನಿಂತಿತು. ಸಾಮಾನು ಇಳಿಸುತ್ತ ಮೆಮ್ಚಾ ನಮ್ಮ ಬೆಲ್ ಒತ್ತಿದಳು. ಮಾಲೀಕ ಕೆಳಗೇ ನಿಂತಿದ್ದ, ನಾನು ಆಗ ಇಳಿದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಬಾಗಿಲ ಈಚೆ ನಿಂತು ಉಸಿರು ಬಿಗಿಹಿಡಿದಿದ್ದೆ. ಅವಳು ಮೂರು ಸಲ ಒತ್ತಿದಳು, ‘ಆಂಟಿ’ ಅಂತ ಒಂದು ಸಲ ಕರೆದಳು, ಆಮೇಲೆ ಮೆಟ್ಟಿಲು ಇಳಿದುಹೋದಳು. ಭಾನುವಾರ ನಲವತ್ತು ಜನರ ಮುಂದೆ ನಾನು ಎದ್ದು ನಿಂತೆನಲ್ಲ, ಆಗ ಮೇಲಿನ ಮನೆ ಖಾಲಿಯಾಗಿ ಮೂರು ದಿನವಾಗಿತ್ತು.