ನಿನ್ನ ತೂಕಕ್ಕೆ ತಕ್ಕ ಸ್ಪ್ರಿಂಗ್

ಭಾನುವಾರ, ಮಧ್ಯಾಹ್ನ

ಮಿಂಚುಳ್ಳೀ,

ಎಷ್ಟೋ ವರ್ಷಗಳ ಮೇಲೆ ಈ ಹೆಸರಿನಿಂದ ಕರೆಯುತ್ತಿದ್ದೇನೆ, ಸಿಟ್ಟಾಗಬೇಡ. ನಾನೂ ಮಗಳೂ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ರೇಸ್ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್‌ಗಳು ಮಾತ್ರ ಎಣ್ಣೆ ಕಕ್ಕುತ್ತಿದ್ದವು. ಅದರ ವಿಷಯಕ್ಕೇ ಈ ಕಾಗದ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನ್ ಎತ್ತಿದ ಕೂಡಲೇ ನೀನು ಊಟ ಆಯಿತೇ ಅನ್ನುತ್ತೀಯ, ನಾನು ಆಯಿತು ಅನ್ನುತ್ತೇನೆ, ಆಮೇಲೆ ಇಬ್ಬರೂ ಮಗಳ ಸುದ್ದಿ ಮಾತಾಡಿ ಇಟ್ಟುಬಿಡುತ್ತೇವೆ. ನಮ್ಮ ಸುದ್ದಿಗೆ ಬರುವಷ್ಟರಲ್ಲಿ ಮಾತು ಮುಗಿದಿರುತ್ತದೆ.

ಮಗಳು ರಜೆಗೆ ಬಂದಿದ್ದಾಳಲ್ಲ, ಹೋದ ವಾರ ವರ್ಕ್‌ಶಾಪಿನ ಮೂಲೆಯಲ್ಲಿದ್ದ ಟಾರ್ಪಾಲು ಎಳೆದು ನೋಡಿದಳು. ಹಳದಿ ಟ್ಯಾಂಕು ಕಂಡದ್ದೇ ತಡ, ಕಾಫಿಯನ್ನು ಅಲ್ಲೇ ಬಿಟ್ಟು ಅಂಗಿಯ ತೋಳು ಮಡಚಿದಳು. ಇಬ್ಬರೂ ಸೇರಿ ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆವು, ಹೊಸ ಪ್ಲಗ್ ಹಾಕಿದೆವು. ಕಿಕ್ಕರ್ ಒದ್ದು ಒದ್ದು ಅವಳಿಗೆ ಸುಸ್ತಾಯಿತು. ಕೊನೆಗೆ ಅದು ಒಮ್ಮೆ ಕೆಮ್ಮಿ, ಹೊಗೆ ಉಗುಳಿ, ನಿನ್ನ ಕಾಲದ ಅದೇ ದನಿಯಲ್ಲಿ ಕೂಗಿಕೊಂಡಿತು. ಪಕ್ಕದ ಬಾಗಿಲು-ಕಿಟಕಿ ಮಾಡುವವನು ಉಳಿ ಕೆಳಗಿಟ್ಟು ಓಡಿಬಂದ. ನಾನು ಕಣ್ಣಿಗೆ ಹೊಗೆ ಹೋಯಿತು ಅಂತ ಹೇಳಿ ಆ ಕಡೆ ತಿರುಗಿಕೊಂಡೆ.

ಮಗಳು ಓಡಿಸಿಕೊಂಡು ಹೋಗಿ ರಸ್ತೆಯ ಉಬ್ಬು ದಾಟಿದಾಗ ಗೊತ್ತಾಯಿತು, ಹಿಂದಿನ ಶಾಕ್ ಎರಡೂ ಕೈಕೊಟ್ಟಿವೆ. ಒಂದು ಉಬ್ಬಿಗೆ ಗಾಡಿ ಚೆಂಡಿನ ಹಾಗೆ ಕುಣಿಯುತ್ತಲೇ ಹೋಯಿತು. ಮಗಳು ವಾಪಸು ಬಂದು ಸೊಂಟ ಹಿಡಿದುಕೊಂಡು, "ಅಪ್ಪಾ, ಇದು ಗಾಡಿಯೋ ಕುದುರೆಯೋ?" ಅಂದಳು.

ನನಗೆ ನೆನಪಾದದ್ದು ಬತ್ತಿದ ಕೆರೆಯಂಗಳದ ಆ ರೇಸು. ಮೈಕಿನವನು ಗಂಡಸರ ಹೆಸರನ್ನೆಲ್ಲ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದ. ನೀನು ಏರಿಯ ಮೇಲಿಂದ ರೆಕ್ಕೆ ಮಡಚಿದ ಹಕ್ಕಿಯ ಹಾಗೆ ಗಾಡಿ ಸಮೇತ ಕೆಳಗೆ ಧುಮುಕಿದಾಗ ಅವನಿಗೆ ನಿನ್ನ ಹೆಸರು ಹೊಳೆಯದೆ "ಅಯ್ಯಯ್ಯೋ, ಮಿಂಚುಳ್ಳಿ!" ಅಂದುಬಿಟ್ಟ. ಅಂದಿನಿಂದ ಅಲ್ಲಿ ನನಗೂ ಸ್ವಂತ ಹೆಸರು ಉಳಿಯಲಿಲ್ಲ. ಟೀ ಅಂಗಡಿಯವನಿಂದ ಹಿಡಿದು ಬಾವುಟ ಬೀಸುವವನವರೆಗೆ ಎಲ್ಲರಿಗೂ ನಾನು ಮಿಂಚುಳ್ಳಿ ಗಂಡ. ನಿಜ ಹೇಳುತ್ತೇನೆ, ಅಷ್ಟು ಹೆಮ್ಮೆ ನನಗೆ ಬೇರೆ ಯಾವುದರಲ್ಲೂ ಆಗಲಿಲ್ಲ. ನೀನು ಧೂಳು ಮೆತ್ತಿದ ಮುಖದಲ್ಲಿ ಕಿತ್ತಳೆ ಸುಲಿಯುತ್ತಾ ಕೂತಿರುತ್ತಿದ್ದೆ, ನಾನು ಗಾಡಿಯ ಕೆಳಗೆ ಮಲಗಿ ಸ್ಪ್ರಿಂಗ್ ಬಿಗಿ ಮಾಡುತ್ತಿದ್ದೆ. "ಇನ್ನೊಂದು ಸುತ್ತು ಬಿಗಿ ಮಾಡು, ಹಳ್ಳದಲ್ಲಿ ತಳ ಹೊಡೀತಿದೆ" ಅನ್ನುತ್ತಾ ಒಂದು ತೊಳೆ ನನ್ನ ಬಾಯಿಗೆ ಹಾಕುತ್ತಿದ್ದೆ. ಅದರಲ್ಲಿ ಅರ್ಧ ಮಣ್ಣೇ ಇರುತ್ತಿತ್ತು.

ಇರಲಿ. ಶಾಕ್‌ಗಳನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹಳೇ ಗಾಡಿಗಳ ಸಾಮಾನು ಮಾರುವವನ ಹತ್ತಿರ ಹೋದೆವು. ಅವನು ಮೊದಲು ಹಳೆಯದರಂತೆಯೇ ಕಾಣುವ ಒಂದು ಜೋಡಿ ತೋರಿಸಿದ. ನೋಡಲು ಥೇಟ್ ಅದೇ, ಆದರೆ ಕೈಯಲ್ಲಿ ಒತ್ತಿದರೆ ಒಳಗೆ ಜೀವವೇ ಇಲ್ಲ. ಆಮೇಲೆ ಈ ಕಾಲದ, ಒಳಗೆ ಗ್ಯಾಸ್ ತುಂಬಿದ ಶಾಕ್ ತಂದಿಟ್ಟ. ಮುಟ್ಟಿದರೆ ಬೆಣ್ಣೆ. ಇವೆರಡೂ ಬೇಡವಾದರೆ ನಮ್ಮದನ್ನೇ ಬಿಚ್ಚಿ, ಹೊಸ ಸೀಲು, ಹೊಸ ಎಣ್ಣೆ ಹಾಕಿ, ಸ್ಪ್ರಿಂಗ್ ಮಾತ್ರ ಬದಲಿಸಬಹುದು ಅಂದ. ಆಮೇಲೆ ಕೇಳಿದ: "ಓಡಿಸೋರು ಯಾರು?"

"ಇವಳು" ಅಂದೆ ನಾನು. "ಅಮ್ಮ" ಅಂದಳು ಮಗಳು. ಎರಡೂ ಒಟ್ಟಿಗೇ ಬಂತು.

ಅಂಗಡಿಯವನು ನಕ್ಕ. "ಮೊದ್ಲು ಮನೇಲಿ ತೀರ್ಮಾನ ಮಾಡ್ಕೊಂಡ್ ಬನ್ನಿ ಸಾರ್."

ಚೀಲ ಹೆಗಲಿಗೇರಿಸಿಕೊಂಡು ವಾಪಸು ಹೊರಟೆವು. ಮಗಳೇ ಹೇಳಿದಳು, ಹೋದ ಸಲ ನಿನ್ನ ಹತ್ತಿರ ಬಂದಾಗ ನೀನು ಟ್ರೈನಿಂಗ್ ಸ್ಕೂಲಿನ ಹುಡುಗಿಯರಿಗೆ ಸ್ಕೂಟರ್ ಕಲಿಸುತ್ತಾ, ಮೈದಾನದಾಚೆಯ ಮಣ್ಣಿನ ಏರಿಯನ್ನೇ ನೋಡುತ್ತಿದ್ದೆಯಂತೆ. "ಆ ಗಾಡಿ ಅಮ್ಮಂದು. ನಾನು ಬೇಕಾದ್ರೆ ಕೇಳಿ ಓಡಿಸ್ತೀನಿ" ಅಂದಳು.

ಹಾಗಾದರೆ ಗ್ಯಾಸ್ ಶಾಕೇ ಇರಲಿ, ಅಮ್ಮನ ಬೆನ್ನಿಗೆ ಅದೇ ಒಳ್ಳೆಯದು ಅಂತ ನಾನು ಹಟ ಹಿಡಿದೆ. ಮತ್ತೆ ಅಂಗಡಿಗೆ ಹೋದಾಗ, ಹಾಕಿ ನೋಡಿ ಅಂತ ಅಂಗಡಿಯವನು ಒಂದು ಜೋಡಿ ಕೊಟ್ಟ. ಮುಚ್ಚಿಹೋದ ಇಟ್ಟಿಗೆ ಭಟ್ಟಿಯ ಬಯಲಿಗೆ ಹೋದೆವು. ಮಗಳು ಹಳ್ಳ-ದಿಣ್ಣೆಗಳ ಮೇಲೆ ತೇಲಿಕೊಂಡು ಹೋದಳು. ಕಾಲುಮೆಟ್ಟಿಲ ಮೇಲೆ ಎದ್ದು ನಿಂತಾಗ ಎಡ ಮೊಣಕೈ ಹೊರಗೆ ಚಾಚಿಕೊಂಡಿತು, ಥೇಟ್ ನಿನ್ನ ಹಾಗೆ. ನಾನು ಕಲಿಸಿದ್ದಲ್ಲ, ನೀನೂ ಕಲಿಸಿರಲಿಕ್ಕಿಲ್ಲ. ಅಲ್ಲೇ ಒಂದು ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟೆ.

ಆದರೆ ಇಳಿಜಾರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲ್ಲಾಡಿತು. ಹೊಸ ಶಾಕ್ ಹಳೆಯದಕ್ಕಿಂತ ಹೆಬ್ಬೆರಳಷ್ಟು ಹೆಚ್ಚು ಉದ್ದ, ಗಾಡಿಯ ಹಿಂಭಾಗ ಮೇಲೆದ್ದು ಮೂತಿ ನೆಲ ನೋಡುತ್ತಿತ್ತು. ಮಗಳು ಹೇಗೋ ಸಂಭಾಳಿಸಿದಳು. ಇಳಿದು ಬಂದವಳೇ, "ತುಂಬಾ ಆರಾಮಾಗಿದೆ ಅಪ್ಪಾ. ಆದ್ರೆ ಕೆಳಗೆ ನೆಲ ಇದೆ ಅಂತಾನೇ ಗೊತ್ತಾಗಲ್ಲ. ಅಮ್ಮ ಇದನ್ನ ಒಪ್ತಾಳಾ?" ಅಂದಳು.

ಒಪ್ಪುವುದಿಲ್ಲ. ನೆಲ ಸೀಟಿನಲ್ಲಿ ಮಾತಾಡಬೇಕು ಅಂತ ನೀನೇ ಹೇಳುತ್ತಿದ್ದೆ. ಅದನ್ನು ಮರೆತು ನಾನು ನಿನಗೆ ಹಾಸಿಗೆ ಹುಡುಕಲು ಹೊರಟಿದ್ದೆ. ಮಾರನೇ ದಿನವೇ ಗ್ಯಾಸ್ ಶಾಕ್ ವಾಪಸು ಕೊಟ್ಟೆ. ನಮ್ಮ ಹಳೆಯದನ್ನೇ ಬಿಚ್ಚಿದೆ. ಒಳಗಿನ ಸವೆದ ಸರಳಿಗೆ ಬದಲಾಗಿ ಹೊಸದನ್ನು ನಾನೇ ಲೇತ್ ಯಂತ್ರದಲ್ಲಿ ಕಡೆದೆ, ಸೀಲು ಕೂರಿಸಿದೆ, ಎಣ್ಣೆ ತುಂಬಿದೆ. ಈಗ ಒತ್ತಿದರೆ ಹಟಮಾರಿಯ ಹಾಗೆ ನಿಧಾನವಾಗಿ ಮೇಲೆ ಬರುತ್ತದೆ. ಕೆಲಸ ನಡೆದಷ್ಟು ದಿನ ನೀನು ಬಾಗಿಲಲ್ಲಿ ನಿಂತಿದ್ದೀಯ ಅಂತ ಅನ್ನಿಸುತ್ತಿತ್ತು.

ನಾವು ಜಗಳವಾಡಿ ಬೇರೆಯಾದವರಲ್ಲ. ಹಾಗೆ ಆಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ನಿನಗೆ ಆ ಊರಲ್ಲಿ ಕೆಲಸ ಸಿಕ್ಕಿತು, ನೀನು ಮುಂದೆ ಹೋದೆ, ನಾನು ಹಿಂದೆಯೇ ಬರುತ್ತೇನೆ ಅಂದೆ. ನೀನು ಒತ್ತಾಯ ಮಾಡಲಿಲ್ಲ, ನಾನು ಹೊರಡಲಿಲ್ಲ. ಕೇಳಿದವರಿಗೆ ಏನು ಹೇಳಬೇಕೆಂದು ನಮಗೇ ಗೊತ್ತಿಲ್ಲ.

ಇನ್ನು ಉಳಿದದ್ದು ಸ್ಪ್ರಿಂಗ್. ಅದನ್ನು ಓಡಿಸುವವರ ತೂಕ ನೋಡಿಯೇ ಆರಿಸಬೇಕು. ಹೆಚ್ಚು ಗಟ್ಟಿಯಾದರೆ ಒದೆಯುತ್ತದೆ, ಮೆದುವಾದರೆ ತಳ ಹೊಡೆಯುತ್ತದೆ. ನಾನು ಅಂಗಡಿಯಲ್ಲಿ ನಿನ್ನ ರೇಸಿನ ಕಾಲದ ತೂಕ ಹೇಳಿದೆ. ಅಂಗಡಿಯವನು, "ಇದು ಮದುವೆ ಫೋಟೋ ನೋಡಿ ಹೇಳ್ತಿದೀರಾ ಸಾರ್?" ಅಂದ. ಅಮ್ಮನ ತೂಕ ನೀನೇ ಕೇಳು ಅಂತ ಮಗಳಿಗೆ ಹೇಳಿದರೆ, "ನಿನ್ನ ಹೆಂಡ್ತಿ, ನೀನೇ ಕೇಳು" ಅಂತ ಎದ್ದು ಹೋದಳು. ಹೆಂಗಸರ ತೂಕ ಕೇಳಬಾರದು ಅಂತ ಗೊತ್ತು. ಆದರೆ ನನ್ನ ಹೆಂಡತಿ ಈಗ ದಪ್ಪಗಿದ್ದಾಳೋ ತೆಳ್ಳಗಿದ್ದಾಳೋ ಅಂತ ಅಂಗಡಿಯವನ ಮುಂದೆ ಹೇಳಲಾರದೆ ನಿಂತೆನಲ್ಲ, ಅದು ಮನಸ್ಸಿಗೆ ತುಂಬಾ ಚುಚ್ಚಿತು.

ಆದ್ದರಿಂದ ಕೇಳುತ್ತಿದ್ದೇನೆ. ನಿನ್ನ ತೂಕ ಎಷ್ಟು? ಬೂಟು ಹಾಕಿಕೊಂಡೇ ನೋಡು. ಬರೆದು ಕಳಿಸಿದರೆ ಸ್ಪ್ರಿಂಗ್ ತಂದು ಕೂರಿಸಿ, ಗಾಡಿಯನ್ನು ಲಾರಿಯಲ್ಲಿ ನಿನ್ನ ಊರಿಗೆ ಕಳಿಸುತ್ತೇನೆ.

ಇಂತಿ ನಿನ್ನ
ಮೆಕ್ಯಾನಿಕ್

ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ವರ್ಕ್‌ಶಾಪನ್ನು ಪಕ್ಕದವನಿಗೆ ಬಿಟ್ಟುಕೊಡುತ್ತಿದ್ದೇನೆ. ಮಗಳಿಗೂ ಹೇಳಿಲ್ಲ. ದೊಡ್ಡ ಲೇತು ನಿನ್ನೆ ಮಾರಾಟವಾಗಿ ಹೋಯಿತು, ಸಣ್ಣದನ್ನು ಇಟ್ಟುಕೊಂಡಿದ್ದೇನೆ. ಲಾರಿಯಲ್ಲಿ ಅದಕ್ಕೂ, ನನ್ನ ಒಂದು ಪೆಟ್ಟಿಗೆಗೂ ಜಾಗವಿದೆ. ಡ್ರೈವರ್ ಪಕ್ಕದ ಸೀಟು ಖಾಲಿ ಇದೆ. ತೂಕ ಬರೆದು ಅದರ ಕೆಳಗೆ ‘ಬಾ’ ಅಂತ ಬರೆದರೆ ನಾನೂ ಬರುತ್ತೇನೆ. ಬರೆಯದಿದ್ದರೂ ಬೇಜಾರಿಲ್ಲ, ಸ್ಪ್ರಿಂಗ್ ಸರಿಯಾಗಿಯೇ ಕೂರಿಸಿ ಕಳಿಸುತ್ತೇನೆ.